ಮುಕ್ತ ತಂತ್ರಾಂಶ ಯೋಜನೆಗೆ ಬಂದ ಹೊಸಬರಿಗೆ ಕೆಲಸ ಕಲಿಸುವುದು ಹೇಗೆ?

ಸುರತ್ಕಲ್, ಮಣಿಪಾಲ, ನಿಟ್ಟೆ, ಮೂಡುಬಿದಿರೆಯ ಕಡೆಯಿಂದ ಬರೆಯುವ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇದ್ದಾರೆ. ತಮ್ಮದೊಂದು ಸಣ್ಣ ಮುಕ್ತ ತಂತ್ರಾಂಶ ಯೋಜನೆ, ಅಂದರೆ ಯಾರು ಬೇಕಾದರೂ ಕೋಡನ್ನು ಓದಿ, ತಿದ್ದಿ, ಹಂಚಬಹುದಾದ ಪ್ರೋಗ್ರಾಮಿನ ಕೆಲಸ, ಇದೆ. ಕಾಲೇಜಿನ ವಿದ್ಯಾರ್ಥಿಗಳು ಉತ್ಸಾಹದಿಂದ ಬಂದು ಸೇರಿಕೊಳ್ಳುತ್ತಾರೆ. ಹತ್ತು ಹದಿನೈದು ದಿನ ಕಳೆಯುವುದರೊಳಗೆ ಒಬ್ಬೊಬ್ಬರೇ ಮರೆಯಾಗುತ್ತಾರೆ. ಅವರನ್ನು ಉಳಿಸಿಕೊಂಡು ಕೆಲಸ ಕಲಿಸುವುದು ಹೇಗೆ ಎಂಬುದು ಆ ಪ್ರಶ್ನೆ. ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ. ಇದು ಕಲಿಸುವವರಿಗಾಗಿ ಬರೆದ ಮಾರ್ಗದರ್ಶಿ. ಕಲಿಯಲು ಬರುವವರು ಓದಿದರೂ ನಷ್ಟವಿಲ್ಲ. ಎಲ್ಲೆಲ್ಲಿ ಸಹಾಯ ಕೇಳುವ ಹಕ್ಕು ತಮಗಿದೆ ಎಂಬುದು ಅವರಿಗೆ ತಿಳಿದೀತು.

ಹೊಸಬರು ಬಿಟ್ಟುಹೋದಾಗ ಅವರಿಗೆ ಆಸಕ್ತಿಯೇ ಇರಲಿಲ್ಲ ಎಂದು ಹೇಳಿಬಿಡುವುದು ಸುಲಭ. ನಾನು ಕಂಡಂತೆ ಹೆಚ್ಚಿನವರು ನಿಲ್ಲುವುದು ಎರಡೇ ಜಾಗಗಳಲ್ಲಿ: ಪ್ರೋಗ್ರಾಮ್ ತಮ್ಮ ಲ್ಯಾಪ್‌ಟಾಪಿನಲ್ಲಿ ಒಮ್ಮೆಯೂ ಓಡದೇ ಹೋದಾಗ, ಮತ್ತು ಕಷ್ಟಪಟ್ಟು ಕಳುಹಿಸಿದ ಮೊದಲ ಬದಲಾವಣೆಗೆ ವಾರಗಟ್ಟಲೆ ಉತ್ತರ ಬಾರದೇ ಹೋದಾಗ. ಎರಡನ್ನೂ ಸರಿಪಡಿಸುವುದು ಯೋಜನೆ ನಡೆಸುವವರ ಕೈಯಲ್ಲೇ ಇದೆ. ಆದ್ದರಿಂದ ಈ ಎರಡು ಜಾಗಗಳಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ, ಉಳಿದವನ್ನು ಬೇಗ ದಾಟುತ್ತೇನೆ.

ಮೊದಲಿಗೆ ಕೆಲವು ಪದಗಳು. ಯೋಜನೆಯ ಕಡತಗಳೂ ಅವುಗಳಲ್ಲಿ ಆದ ಎಲ್ಲ ಬದಲಾವಣೆಗಳ ಇತಿಹಾಸವೂ ಸೇರಿ ಇರುವ ಸಂಗ್ರಹಕ್ಕೆ ರೆಪಾಸಿಟರಿ ಎನ್ನುತ್ತಾರೆ. ಆ ಇತಿಹಾಸವನ್ನು ಇಟ್ಟುಕೊಳ್ಳುವ ಸಾಧನ ಗಿಟ್. ಲೀನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನೆಲ್‌ನ ಕೆಲಸಕ್ಕೆಂದು ಇದನ್ನು ಬರೆದರು. ಸಂಗ್ರಹವನ್ನು ನಮ್ಮ ಯಂತ್ರಕ್ಕೆ ಇಳಿಸಿಕೊಳ್ಳುವುದು ಕ್ಲೋನ್, ಜಾಲದಲ್ಲಿ ನಮ್ಮ ಹೆಸರಿನಡಿ ಅದರ ಪ್ರತಿ ಮಾಡಿಕೊಳ್ಳುವುದು ಫೋರ್ಕ್, ಮುಖ್ಯ ಕೋಡ್‌ಗೆ ಧಕ್ಕೆಯಾಗದಂತೆ ಪಕ್ಕದಲ್ಲಿ ಕೆಲಸ ಮಾಡಲು ತೆರೆಯುವ ಕವಲು ಬ್ರಾಂಚ್, ಒಂದು ಬದಲಾವಣೆಯನ್ನು ವಿವರಣೆಯೊಂದಿಗೆ ದಾಖಲಿಸುವುದು ಕಮಿಟ್, ಹಾಗೆ ದಾಖಲಿಸಿದ್ದನ್ನು ಜಾಲದಲ್ಲಿರುವ ನಮ್ಮ ಪ್ರತಿಗೆ ಕಳುಹಿಸುವುದು ಪುಶ್. ಆ ಬದಲಾವಣೆಯನ್ನು ಮುಖ್ಯ ಕೋಡ್‌ಗೆ ಸೇರಿಸಿಕೊಳ್ಳಿ ಎಂದು ಸಲ್ಲಿಸುವ ಮನವಿಯೇ ಪುಲ್ ರಿಕ್ವೆಸ್ಟ್. ಮನವಿಯನ್ನು ಓದಿ ಅಭಿಪ್ರಾಯ ಹೇಳುವುದು ರಿವ್ಯೂ, ಒಪ್ಪಿ ಸೇರಿಸುವುದು ಮರ್ಜ್, ಸೇರಿಸುವ ಅಧಿಕಾರ ಇರುವವರು ಮೇಂಟೇನರ್. ದೋಷವನ್ನೋ ಬೇಕಾದ ಸೌಲಭ್ಯವನ್ನೋ ಬರೆದಿಡುವ ಚೀಟಿಗೆ ಇಶ್ಯೂ ಎಂದು ಹೆಸರು.

ಮಾತು ಗಾಳಿಯಲ್ಲಿ ಉಳಿಯದಿರಲೆಂದು ಒಂದು ಕಾಲ್ಪನಿಕ ಯೋಜನೆಯನ್ನು ಎದುರಿಗೆ ಇಟ್ಟುಕೊಳ್ಳೋಣ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಮ್; ಕನ್ನಡದಲ್ಲಿ ಊರಿನ ಹೆಸರು ಕೊಟ್ಟರೆ ಮಂಗಳೂರಿನಿಂದ ಬೈಂದೂರಿನವರೆಗಿನ ಬಸ್ ನಿಲ್ದಾಣಗಳಲ್ಲಿ ಅದನ್ನು ಹುಡುಕಿ ಕೊಡುತ್ತದೆ. ಮುಂದಿನ ಉದಾಹರಣೆಗಳೆಲ್ಲ ಇದರದ್ದೇ.

1. ಹೊಸಬರು ಬರುವ ಮೊದಲೇ ಮಾಡಬೇಕಾದ ಸಿದ್ಧತೆ

ಸಂಗ್ರಹದಲ್ಲಿ ಲೈಸೆನ್ಸ್ ಎಂಬ ಕಡತ ಇದೆಯೇ ಎಂದು ಮೊದಲು ನೋಡಿ. ಕೋಡ್ ಎಲ್ಲರಿಗೂ ಕಾಣುವಂತೆ ಇಟ್ಟ ಮಾತ್ರಕ್ಕೆ ಅದು ಮುಕ್ತವಾಗುವುದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯು ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿಯ ವ್ಯಾಪ್ತಿಯಲ್ಲೇ ಇರಿಸುತ್ತದೆ. ಅನುಮತಿ ಬರೆದುಕೊಡದಿದ್ದರೆ ಇತರರು ಅದನ್ನು ಬಳಸುವಂತಿಲ್ಲ, ತಿದ್ದಿ ಹಂಚುವಂತಿಲ್ಲ. ಹೆಸರನ್ನೂ ಪರವಾನಗಿಯ ಪಠ್ಯವನ್ನೂ ಉಳಿಸಿಕೊಂಡು ಏನು ಬೇಕಾದರೂ ಮಾಡಿ ಎನ್ನುವವರಿಗೆ ಎಂಐಟಿ ಲೈಸೆನ್ಸ್ ಇದೆ. ತಿದ್ದಿ ಹಂಚುವವರು ತಾವು ತಿದ್ದಿದ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು ಎನ್ನುವವರು ಜಿಪಿಎಲ್ ಎಂಬ ಪರವಾನಗಿಯ 2007ರ ಮೂರನೆಯ ಆವೃತ್ತಿಯನ್ನು ಆರಿಸಿಕೊಳ್ಳಬಹುದು. ಯಾವುದಾದರೂ ಒಂದು ಇರಲೇಬೇಕು.

ಇಲ್ಲಿ ಹಲವರು ಜಾರುವುದು ದತ್ತಾಂಶದ ವಿಷಯದಲ್ಲಿ. ಪದಪಟ್ಟಿ, ವೇಳಾಪಟ್ಟಿ, ಅರ್ಥಕೋಶದ ನಮೂದುಗಳನ್ನು ಕಂಡಲ್ಲಿಂದ ನಕಲಿಸಿ ತುಂಬಿಸುವ ಅಭ್ಯಾಸ ಹೊಸಬರಲ್ಲಿ ಸಾಮಾನ್ಯ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟ್ಟೆಲ್ ಕೋಶದ ಕೃತಿಸ್ವಾಮ್ಯದ ಅವಧಿ ಮುಗಿದು ಬಹಳ ವರ್ಷಗಳಾಗಿವೆ, ಅದರಿಂದ ಪದಗಳನ್ನು ಪಡೆಯಬಹುದು. ನಮ್ಮ ಕಾಲದ ಲೇಖಕರೊಬ್ಬರ ಕೋಶದಿಂದ ಹಾಗೆ ಎತ್ತಿಕೊಳ್ಳಲಾಗದು. ಈ ವ್ಯತ್ಯಾಸವನ್ನು ಮೊದಲ ದಿನವೇ ಹೇಳಿಬಿಡಿ. ಉದ್ಯೋಗದಲ್ಲಿರುವವರು ಸೇರಲು ಬಂದರೆ ತಮ್ಮ ನೇಮಕಾತಿಯ ಕರಾರನ್ನು ಓದಿಕೊಂಡು ಬರಲು ತಿಳಿಸಿ. ಉದ್ಯೋಗದ ಭಾಗವಾಗಿ ಬರೆದದ್ದರ ಹಕ್ಕು ಸಾಮಾನ್ಯವಾಗಿ ಉದ್ಯೋಗದಾತರದ್ದಾಗಿರುತ್ತದೆ.

ಎರಡನೆಯ ಸಿದ್ಧತೆ ಸಮಯ. ವಾರದಲ್ಲಿ ಎರಡು ಗಂಟೆಯನ್ನು, ಉದಾಹರಣೆಗೆ ಶನಿವಾರ ಮಧ್ಯಾಹ್ನ ಮೂರರಿಂದ ಐದು, ಹೊಸಬರಿಗೆಂದೇ ತೆಗೆದಿಡಿ ಮತ್ತು ಅದನ್ನು ಬರೆದು ಪ್ರಕಟಿಸಿ. ಯಾವಾಗ ಬೇಕಾದರೂ ಕೇಳಿ ಎನ್ನುವವರನ್ನು ವಿದ್ಯಾರ್ಥಿಗಳು ಕೇಳುವುದೇ ಇಲ್ಲ. ನಿಗದಿತ ಹೊತ್ತು ಇದ್ದರೆ ಸಂಕೋಚ ಬಿಟ್ಟು ಬರುತ್ತಾರೆ. ಈ ಎರಡು ಗಂಟೆ ಕೊಡಲಾಗದಿದ್ದರೆ ಸದ್ಯಕ್ಕೆ ಹೊಸಬರನ್ನು ಕರೆಯಬೇಡಿ. ಕರೆದು ಕಾಯಿಸುವುದಕ್ಕಿಂತ ಆರು ತಿಂಗಳು ಬಿಟ್ಟು ಕರೆಯುವುದು ಮೇಲು.

2. ಪ್ರೋಗ್ರಾಮ್ ಅವರ ಯಂತ್ರದಲ್ಲಿ ಓಡಲಿ

ಅತಿ ಹೆಚ್ಚು ತಾಳ್ಮೆ ಬೇಡುವ ಹಂತ ಇದು. ರೀಡ್‌ಮಿ, ಅಂದರೆ ಸಂಗ್ರಹ ತೆರೆದೊಡನೆ ಕಾಣುವ ಪರಿಚಯದ ಕಡತ, ನಿಮ್ಮ ದೃಷ್ಟಿಯಲ್ಲಿ ಸ್ಪಷ್ಟವಾಗಿಯೇ ಇರುತ್ತದೆ, ಏಕೆಂದರೆ ಅದರಲ್ಲಿ ಬಿಟ್ಟುಹೋದದ್ದೆಲ್ಲ ನಿಮ್ಮ ತಲೆಯಲ್ಲಿದೆ. ಅದನ್ನು ಪರೀಕ್ಷಿಸಲು ಒಂದೇ ದಾರಿ. ಹೊಸಬರೊಬ್ಬರನ್ನು ಅವರದೇ ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ರೀಡ್‌ಮಿಯಲ್ಲಿ ಬರೆದಷ್ಟನ್ನೇ ಮಾಡಲು ಹೇಳಿ, ಪಕ್ಕದಲ್ಲಿ ಕಾಗದ ಪೆನ್ನು ಹಿಡಿದು ಕುಳಿತುಕೊಳ್ಳಿ. ಕೀಬೋರ್ಡನ್ನು ಮುಟ್ಟಬೇಡಿ. ಅವರು ತಡವರಿಸಿದ ಪ್ರತಿಯೊಂದು ಕಡೆಯನ್ನೂ ಗುರುತು ಹಾಕಿಕೊಳ್ಳಿ.

ಹಾಗೆ ಕುಳಿತಾಗ ಏನೇನು ಕಾಣುತ್ತದೆ ಎಂಬುದನ್ನು ಹೇಳುತ್ತೇನೆ. ರೀಡ್‌ಮಿಯಲ್ಲಿ "ಬೇಕಾದ ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡಿಕೊಳ್ಳಿ" ಎಂದು ಒಂದು ಸಾಲು ಇರುತ್ತದೆ. ವಿದ್ಯಾರ್ಥಿನಿ ಆ ಸಾಲನ್ನು ಓದುತ್ತಾಳೆ, ಕರ್ಸರ್ ಮಿನುಗುತ್ತಿರುವ ಕಪ್ಪು ಕಿಟಕಿಯನ್ನು ನೋಡುತ್ತಾಳೆ, ಮತ್ತೆ ರೀಡ್‌ಮಿಗೆ ಹಿಂತಿರುಗುತ್ತಾಳೆ. ಯಾವ ಫೋಲ್ಡರಿನಲ್ಲಿ ನಿಂತು ಆಜ್ಞೆ ಕೊಡಬೇಕು ಎಂದು ಅಲ್ಲಿ ಬರೆದಿಲ್ಲ. ಪೈಥಾನ್‌ನ ಯಾವ ಆವೃತ್ತಿ ಎಂದು ಬರೆದಿಲ್ಲ. ವಿಂಡೋಸ್‌ನಲ್ಲಿ ಪೈಥಾನ್ ಹಾಕುವಾಗ ಪಾತ್ ಎಂಬ ಚೌಕದಲ್ಲಿ ಗುರುತು ಹಾಕದಿದ್ದರೆ ಆಜ್ಞೆಯೇ ಸಿಗುವುದಿಲ್ಲ ಎಂದು ಬರೆದಿಲ್ಲ. ಕೆಂಪು ಅಕ್ಷರಗಳ ದೋಷಸಂದೇಶ ಬಂದೊಡನೆ ತಾನೇ ಏನೋ ಕೆಡಿಸಿದೆ ಎಂದುಕೊಂಡು ಕಿಟಕಿಯನ್ನು ಮುಚ್ಚಿಬಿಡುತ್ತಾಳೆ. ಆ ಮುಚ್ಚುವ ಕ್ಷಣದಲ್ಲಿ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಅವಳು ಮತ್ತೆ ತೆರೆಯುವುದು ಅನುಮಾನ.

ಅದೇ ಸಂಜೆ ರೀಡ್‌ಮಿಯನ್ನು ತಿದ್ದಿ. ಅವರಿಂದಲೇ ತಿದ್ದಿಸಿದರೆ ಇನ್ನೂ ಒಳ್ಳೆಯದು. ಪ್ರತಿ ಆಜ್ಞೆಯ ಕೆಳಗೆ, ಸರಿಯಾಗಿ ನಡೆದರೆ ತೆರೆಯ ಮೇಲೆ ಏನು ಕಾಣಬೇಕು ಎಂದು ಒಂದು ಸಾಲು ಸೇರಿಸಿ. ಅದು ಇಲ್ಲದೆ ಹೊಸಬರಿಗೆ ಗೆದ್ದೆವೋ ಸೋತೆವೋ ತಿಳಿಯುವುದಿಲ್ಲ.

ಎಚ್ಚರಿಕೆಗಳು ಕೆಲವಿವೆ. ಕಂಪನಿಗಳಲ್ಲಿ ಕೆಲಸ ಮಾಡುವವರು ತಮ್ಮ ಹದಿನಾರು ಜಿಬಿ ಮೆಮೊರಿಯ ಯಂತ್ರವನ್ನು ಲೆಕ್ಕಕ್ಕಿಟ್ಟು ಡಾಕರ್‌ನಂಥ ಭಾರವಾದ ವ್ಯವಸ್ಥೆಯನ್ನು ಕಡ್ಡಾಯ ಮಾಡುತ್ತಾರೆ. ಡಾಕರ್ ಎಂದರೆ ಪ್ರೋಗ್ರಾಮನ್ನೂ ಅದಕ್ಕೆ ಬೇಕಾದುದೆಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಓಡಿಸುವ ಸಾಧನ. ಉಪಯುಕ್ತವೇ, ಆದರೆ ಹಳೆಯ ಲ್ಯಾಪ್‌ಟಾಪಿನಲ್ಲಿ ಏದುಸಿರು ಬಿಡುತ್ತದೆ. ಸಣ್ಣ ಯೋಜನೆಗೆ ಅದು ಇಲ್ಲದೆಯೂ ಓಡುವ ದಾರಿ ಇರಲಿ. ಸಂಗ್ರಹ ದೊಡ್ಡದಾಗಿದ್ದರೆ ಡೆಪ್ತ್ 1 ಎಂಬ ಆಯ್ಕೆಯೊಂದಿಗೆ ಕ್ಲೋನ್ ಮಾಡಿದಾಗ ಹಳೆಯ ಇತಿಹಾಸ ಬಿಟ್ಟು ಇತ್ತೀಚಿನ ಸ್ಥಿತಿ ಮಾತ್ರ ಇಳಿಯುತ್ತದೆ, ಮೊಬೈಲ್ ಡೇಟಾ ಉಳಿಯುತ್ತದೆ. ಕ್ಲೋನನ್ನು ಪೆನ್‌ಡ್ರೈವ್‌ನಿಂದಲೂ ಮಾಡಬಹುದೆಂಬುದು ಹಲವರಿಗೆ ಗೊತ್ತಿಲ್ಲ. ಕಾರ್ಯಾಗಾರದಲ್ಲಿ ಮೂವತ್ತು ಮಂದಿ ಒಂದೇ ವೈಫೈ ಹಿಡಿದು ಕೂರುವಾಗ ನಾಲ್ಕು ಪೆನ್‌ಡ್ರೈವ್‌ಗಳು ದಿನವನ್ನೇ ಉಳಿಸುತ್ತವೆ. ಆಮೇಲೆ ಮೂಲದ ವಿಳಾಸವನ್ನು ಬದಲಿಸಿದರಾಯಿತು.

ಜೂನ್ ಜುಲೈಯ ಗಾಳಿಮಳೆಗೆ ಕರೆಂಟೂ ಇಂಟರ್‌ನೆಟ್ಟೂ ಒಟ್ಟಿಗೆ ಹೋಗುವುದು ನಮ್ಮ ಕರಾವಳಿಯಲ್ಲಿ ಹೊಸತೇನಲ್ಲ. ಗಿಟ್‌ನಲ್ಲಿ ಇತಿಹಾಸವು ಅವರವರ ಯಂತ್ರದಲ್ಲೇ ಇರುವುದರಿಂದ ಜಾಲವಿಲ್ಲದೆಯೂ ಬ್ರಾಂಚ್ ತೆರೆಯಬಹುದು, ಕಮಿಟ್ ಮಾಡಬಹುದು, ಹಳೆಯ ಬದಲಾವಣೆಗಳನ್ನು ಓದಬಹುದು; ಕಳುಹಿಸುವಾಗ ಮಾತ್ರ ಸಂಪರ್ಕ ಬೇಕು. ನೆಟ್ ಇಲ್ಲ, ಇವತ್ತು ಕೆಲಸವಿಲ್ಲ ಎಂದು ಕೂರುವವರಿಗೆ ಇದನ್ನು ಮಾಡಿ ತೋರಿಸಿ.

3. ಬದಲಾವಣೆಯ ದಾರಿಯನ್ನು ಒಮ್ಮೆ ಸುಮ್ಮನೆ ನಡೆಸಿ

ನಿಜವಾದ ಕೆಲಸ ಕೊಡುವ ಮೊದಲು ಯಾವ ಅಪಾಯವೂ ಇಲ್ಲದ ಒಂದು ಬದಲಾವಣೆಯನ್ನು ಆರಂಭದಿಂದ ಕೊನೆಯವರೆಗೆ ಮಾಡಿಸಿ. ಕೊಡುಗೆದಾರರ ಪಟ್ಟಿಯಲ್ಲಿ ತಮ್ಮ ಹೆಸರು ಸೇರಿಸುವುದು ಸಾಕು. ಫೋರ್ಕ್, ಕ್ಲೋನ್, ಬ್ರಾಂಚ್, ಕಮಿಟ್, ಪುಶ್, ಪುಲ್ ರಿಕ್ವೆಸ್ಟ್ ಎಂಬ ಆರು ಮೆಟ್ಟಿಲುಗಳನ್ನು ಒಮ್ಮೆ ಹತ್ತಿದವರಿಗೆ ಎರಡನೆಯ ಸಲ ಮೆಟ್ಟಿಲಿನ ಭಯ ಇರುವುದಿಲ್ಲ. ಗಮನವೆಲ್ಲ ಕೋಡ್‌ನ ಮೇಲೆ ನಿಲ್ಲುತ್ತದೆ.

ಸಾಮಾನ್ಯ ತಪ್ಪುಗಳು ಮೂರು. ಮೊದಲನೆಯದು, ಬೇರೆ ಬ್ರಾಂಚ್ ತೆರೆಯದೆ ನೇರವಾಗಿ ಮೇನ್‌ನಲ್ಲೇ, ಅಂದರೆ ಮುಖ್ಯ ಕೋಡ್ ಇರುವ ಬ್ರಾಂಚಿನಲ್ಲೇ, ಕೆಲಸ ಮಾಡುವುದು. ಎರಡನೆಯದು, ಒಂದು ಸಾಲು ತಿದ್ದಿದ್ದರೂ ಇಡೀ ಕಡತವೇ ಬದಲಾದಂತೆ ಕಾಣುವುದು. ಸಾಲಿನ ಕೊನೆಯನ್ನು ವಿಂಡೋಸ್ ಮತ್ತು ಲಿನಕ್ಸ್ ಬೇರೆ ಬೇರೆ ಗುರುತಿನಿಂದ ಬರೆಯುವುದೇ ಇದಕ್ಕೆ ಕಾರಣ. ಸಂಗ್ರಹದಲ್ಲಿ ಗಿಟ್‌ಆಟ್ರಿಬ್ಯೂಟ್ಸ್ ಕಡತವಿಟ್ಟು ಒಂದೇ ರೀತಿಯನ್ನು ಗೊತ್ತುಪಡಿಸಿದರೆ ಈ ತೊಂದರೆ ತಪ್ಪುತ್ತದೆ. ಮೂರನೆಯದು ಗಂಭೀರ: ಪಾಸ್‌ವರ್ಡನ್ನೋ ಎಪಿಐ ಕೀಲಿಯನ್ನೋ, ಅಂದರೆ ಬೇರೊಂದು ಜಾಲಸೇವೆಯನ್ನು ಬಳಸಲು ಕೊಟ್ಟ ಗುಪ್ತ ಸಂಕೇತವನ್ನೋ, ಕೋಡ್‌ನೊಳಗೆ ಬರೆದು ಕಳುಹಿಸಿಬಿಡುವುದು. ಮರುದಿನ ಅಳಿಸಿದರೂ ಅದು ಇತಿಹಾಸದಲ್ಲಿ ಉಳಿದಿರುತ್ತದೆ. ಹಾಗಾದಾಗ ಮೊದಲು ಆ ಕೀಲಿಯನ್ನೇ ರದ್ದುಪಡಿಸಿ ಹೊಸದನ್ನು ಪಡೆಯಿರಿ, ಸ್ವಚ್ಛಗೊಳಿಸುವುದು ಆಮೇಲೆ. ಹೊಸಬರನ್ನು ಎಲ್ಲರೆದುರು ಗದರಬೇಡಿ. ಅನುಭವಿಗಳಿಂದಲೂ ಆಗುವ ತಪ್ಪಿದು.

4. ಮೊದಲ ಕೆಲಸವನ್ನು ಆರಿಸುವುದು

ಗುಡ್ ಫಸ್ಟ್ ಇಶ್ಯೂ, ಅಂದರೆ ಮೊದಲ ಕೆಲಸಕ್ಕೆ ತಕ್ಕದ್ದು, ಎಂಬ ಹಣೆಪಟ್ಟಿಯನ್ನು ಇಶ್ಯೂಗೆ ಹಚ್ಚುವ ರೂಢಿ ಎಲ್ಲೆಡೆ ಇದೆ. ಹಣೆಪಟ್ಟಿ ಹಚ್ಚಿದರೆ ಮುಗಿಯಲಿಲ್ಲ. ಆ ಚೀಟಿಯಲ್ಲಿ ಈಗ ಏನಾಗುತ್ತಿದೆ, ಏನಾಗಬೇಕು, ಯಾವ ಕಡತದಲ್ಲಿ ನೋಡಬೇಕು, ಮುಗಿಯಿತೆಂದು ತಿಳಿಯುವುದು ಹೇಗೆ ಎಂಬ ನಾಲ್ಕೂ ಇರಬೇಕು. ಇದನ್ನು ಬರೆಯಲು ಅರ್ಧ ಗಂಟೆ ಹಿಡಿಯುತ್ತದೆ. ನೀವೇ ಸರಿಪಡಿಸಿದರೆ ಹತ್ತು ನಿಮಿಷದ ಕೆಲಸ. ಆದರೂ ಬರೆಯಿರಿ, ಆ ಕೆಲಸವನ್ನು ಬಿಟ್ಟುಕೊಡಿ.

ನನ್ನ ಅಭಿಪ್ರಾಯದಲ್ಲಿ ಅತ್ಯುತ್ತಮ ಮೊದಲ ಕೆಲಸವೆಂದರೆ ಹೊಸಬರಿಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದ ಸಂಗತಿಯೊಂದು ಅದರಲ್ಲಿ ಇರುವಂಥದ್ದು. ನಮ್ಮ ಬಸ್ ನಿಲ್ದಾಣದ ಪ್ರೋಗ್ರಾಮನ್ನೇ ನೋಡಿ. ಮಂಗಳೂರನ್ನು ತುಳುವಿನಲ್ಲಿ ಕುಡ್ಲ ಎನ್ನುತ್ತಾರೆ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ. ಉಡುಪಿಯನ್ನು ತುಳುವರು ಒಡಿಪು ಎನ್ನುತ್ತಾರೆ. ಮಂಗಳೂರಿನವರು "ಸ್ಟೇಟ್ ಬ್ಯಾಂಕ್" ಎಂದರೆ ಹಲವು ಸಲ ಬ್ಯಾಂಕಿಗಲ್ಲ, ಬಸ್ ನಿಲ್ದಾಣಕ್ಕೆ ಹೊರಟವರು. ಯಾವ ಹೆಸರು ಟೈಪಿಸಿದರೂ ಸರಿಯಾದ ನಿಲ್ದಾಣ ಸಿಗುವಂತೆ ಪರ್ಯಾಯ ಹೆಸರುಗಳ ಪಟ್ಟಿ ಕಟ್ಟುವುದು ಒಳ್ಳೆಯ ಮೊದಲ ಕೆಲಸ. ಇಲ್ಲಿ ಕೋಡ್ ಕಡಿಮೆ, ಮನೆಮಾತಿನ ತಿಳಿವಳಿಕೆ ಹೆಚ್ಚು. ಬ್ಯಾರಿ ಮಾತಾಡುವ ಹುಡುಗನೊಬ್ಬ ಆ ಪಟ್ಟಿಗೆ ತನ್ನ ಮನೆಯ ಮಾತನ್ನು ಸೇರಿಸಿದ ದಿನದಿಂದ ಯೋಜನೆ ಅವನದ್ದೂ ಆಗುತ್ತದೆ.

ಬೇಡವಾದ ಕೆಲಸಗಳನ್ನೂ ಹೇಳಬೇಕು. ಕಾಗುಣಿತದ ತಪ್ಪು ತಿದ್ದುವುದು ಒಮ್ಮೆಗೆ ಸರಿ, ಹತ್ತು ಸಲ ಅದನ್ನೇ ಕೊಟ್ಟರೆ ಏನೂ ಕಲಿಸಿದಂತಾಗಲಿಲ್ಲ. ಇನ್ನೊಂದು ತುದಿಯಲ್ಲಿ, ಹುರುಪಿನ ಹೊಸಬರು ಬೆಟ್ಟವನ್ನೇ ಹೊರಲು ಮುಂದಾಗುತ್ತಾರೆ. ತುಳು ಲಿಪಿಯು ತುಳು-ತಿಗಳಾರಿ ಎಂಬ ಹೆಸರಿನಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಕೇತ ಗೊತ್ತುಪಡಿಸುವ ಯೂನಿಕೋಡ್‌ನ 2024ರ 16.0 ಆವೃತ್ತಿಗೆ ಸೇರಿದ ಮೇಲೆ ಅದನ್ನು ಪ್ರೋಗ್ರಾಮಿನಲ್ಲಿ ತರೋಣ ಎಂದು ಕೇಳುವವರು ಸಹಜವಾಗಿಯೇ ಇದ್ದಾರೆ. ಆಸೆ ನನಗೂ ಇದೆ. ಆದರೆ ಅಕ್ಷರಶೈಲಿ, ಕೀಲಿಮಣೆ, ಹಳೆಯ ಫೋನುಗಳಲ್ಲಿ ಪರೀಕ್ಷೆ ಎಂದು ತಿಂಗಳುಗಟ್ಟಲೆ ಹಿಡಿಯುವ ಆ ಕೆಲಸವನ್ನು ಒಬ್ಬ ಹೊಸಬರ ಹೆಗಲಿಗೆ ಹಾಕಬಾರದು.

ಸಂಖ್ಯೆಯ ಹಿಂದೆ ಹೋಗಬೇಡಿ. ಮುಕ್ತ ತಂತ್ರಾಂಶಕ್ಕೆ ಕೊಡುಗೆ ನೀಡಲು ಅಕ್ಟೋಬರ್‌ನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಭಿಯಾನದ 2020ರ ಸಮಯದಲ್ಲಿ ಟೀ ಶರ್ಟಿನ ಆಸೆಗೆ ಒಂದೆರಡು ಪದ ಸೇರಿಸಿದ ಅರ್ಥಹೀನ ಪುಲ್ ರಿಕ್ವೆಸ್ಟ್‌ಗಳು ಎಷ್ಟು ಬಂದವೆಂದರೆ, ಒಪ್ಪಿಗೆ ಕೊಟ್ಟ ಯೋಜನೆಗಳು ಮಾತ್ರ ಭಾಗವಹಿಸುವಂತೆ ನಿಯಮವನ್ನೇ ಬದಲಿಸಬೇಕಾಯಿತು.

5. ಕೋಡ್ ಬರೆಯುವ ಮೊದಲು ಓದಲು ಕಲಿಸಿ

ಕಾಲೇಜಿನ ಲ್ಯಾಬ್‌ನಲ್ಲಿ ಪ್ರೋಗ್ರಾಮನ್ನು ಖಾಲಿ ಹಾಳೆಯಿಂದ ಬರೆದು ಅಭ್ಯಾಸ. ಮುಕ್ತ ತಂತ್ರಾಂಶದಲ್ಲಿ ಬೇರೆಯವರು ಬರೆದ ಕೋಡ್‌ನ ನಡುವೆ ದಾರಿ ಹುಡುಕಬೇಕು. ಮೊದಲ ಸಾಲಿನಿಂದ ಓದಿಕೊಂಡು ಬಾ ಎಂದರೆ ಯಾರಿಗೂ ಆಗದು. ಒಂದು ದೋಷವನ್ನು ಹಿಡಿದುಕೊಂಡು ಅದರ ಬೆನ್ನಟ್ಟಿ ಓದಿಸಿ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಬಳಕೆದಾರರೊಬ್ಬರು ದೂರು ಬರೆದಿದ್ದಾರೆ: ಕೋಟ ಎಂಬ ಊರನ್ನು ಹುಡುಕಿದರೆ ಏನೂ ಸಿಗುವುದಿಲ್ಲ, ಪಟ್ಟಿಯಲ್ಲಿ ಮಾತ್ರ ಕೋಟ ಕಣ್ಣೆದುರಿಗೇ ಇದೆ. ಹೊಸಬರು ಮೊದಲು ಅದೇ ದೋಷವನ್ನು ತಮ್ಮ ಯಂತ್ರದಲ್ಲಿ ಕಾಣಬೇಕು. ಕಾಣದ ದೋಷವನ್ನು ತಿದ್ದಲು ಬಿಡಬೇಡಿ. ಆಮೇಲೆ ಹುಡುಕುವ ಕೆಲಸ ನಡೆಯುವ ಫಂಕ್ಷನ್ ಯಾವುದೆಂದು ಕಡತಗಳಲ್ಲಿ ಶೋಧಿಸಿ, ಅಲ್ಲಿ ಹೋಲಿಕೆಯಾಗುತ್ತಿರುವ ಎರಡೂ ಪದಗಳನ್ನು ಒಂದೊಂದು ಸಂಕೇತವಾಗಿ ಬಿಡಿಸಿ ಮುದ್ರಿಸಲು ಹೇಳಿ.

ಬಿಡಿಸಿದಾಗ ಗುಟ್ಟು ಹೊರಬೀಳುತ್ತದೆ. ಬಳಕೆದಾರರು ಟೈಪಿಸಿದ ಕೋಟದಲ್ಲಿ ಮೂರು ಸಂಕೇತಗಳಿವೆ: ಕ, ಓತ್ವದ ದೀರ್ಘ, ಟ. ಪಟ್ಟಿಯಲ್ಲಿರುವ ಕೋಟದಲ್ಲಿ ಐದು: ಕ, ಎತ್ವ, ಕೊಂಬಿನ ಇಳಿ, ದೀರ್ಘದ ಚಿಹ್ನೆ, ಟ. ಶಾಲೆಯಲ್ಲಿ ಬಳಪ ಹಿಡಿದು ಕೋ ಬರೆದವರಿಗೆ ಇದು ಅಚ್ಚರಿಯಲ್ಲ. ಕೈಯೂ ಅದೇ ಕ್ರಮದಲ್ಲಿ ಓಡುತ್ತಿತ್ತು. ಯೂನಿಕೋಡ್ ಎರಡೂ ಬರವಣಿಗೆಗಳನ್ನು ಸಮಾನವೆಂದು ಒಪ್ಪುತ್ತದೆ, ತೆರೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ, ಆದರೆ ನಮ್ಮ ಪ್ರೋಗ್ರಾಮ್ ಸಂಕೇತಗಳನ್ನಷ್ಟೇ ಹೋಲಿಸಿ ಇವೆರಡೂ ಬೇರೆ ಎನ್ನುತ್ತದೆ. ಪರಿಹಾರಕ್ಕೆ ನಾರ್ಮಲೈಸೇಶನ್, ಅಂದರೆ ಸಮಾನ ಬರವಣಿಗೆಗಳನ್ನು ಒಂದೇ ರೂಪಕ್ಕೆ ತರುವುದು, ಎಂದು ಹೆಸರು. ಪೈಥಾನ್‌ನ ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲ್ ಬಳಸಿ, ಬಿಡಿ ಸಂಕೇತಗಳನ್ನು ಕೂಡಿಸಿ ಬರೆಯುವ ಎನ್‌ಎಫ್‌ಸಿ ಎಂಬ ರೂಪಕ್ಕೆ ತಂದರೆ ಐದು ಸಂಕೇತಗಳ ಕೋಟವೂ ಮೂರಕ್ಕೆ ಇಳಿಯುತ್ತದೆ.

ಹೊಸಬರು ಇಲ್ಲಿ ಮಾಡುವ ತಪ್ಪು, ಟೈಪಿಸಿದ ಪದವನ್ನು ಮಾತ್ರ ಒಂದೇ ರೂಪಕ್ಕೆ ತಂದು ಪಟ್ಟಿಯನ್ನು ಹಾಗೇ ಬಿಡುವುದು. ಎರಡೂ ಕಡೆ ತರಬೇಕು. ತಕ್ಷಣ ಉತ್ತರ ಹೇಳದೆ, ಐದು ಸಂಕೇತಗಳ ಕೋಟವನ್ನೇ ಯಾರಾದರೂ ಟೈಪಿಸಿದರೆ ಏನಾಗುತ್ತದೆ ಎಂದು ಕೇಳಿ, ತಾವಾಗಿಯೇ ಕಂಡುಕೊಳ್ಳುತ್ತಾರೆ. ಕೊನೆಗೆ ಈ ಎರಡೂ ರೂಪಗಳನ್ನು ಕೊಟ್ಟು ಉತ್ತರ ಸರಿಯಿದೆಯೇ ಎಂದು ಪ್ರತಿ ಸಲವೂ ತಾನೇ ಪರೀಕ್ಷಿಸುವ ಟೆಸ್ಟ್ ಒಂದನ್ನು ಅವರಿಂದ ಬರೆಸಿ. ಆ ಟೆಸ್ಟ್ ಇದ್ದರೆ ಮುಂದೆ ಯಾರೋ ಅರಿಯದೆ ಅದೇ ದೋಷವನ್ನು ಮರಳಿ ತರಲಾರರು.

ಈಗೀಗ ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಕೋಡ್ ಬರೆಸಿ ಕಳುಹಿಸುವವರೂ ಇದ್ದಾರೆ. ನಾನು ಅದನ್ನು ನಿಷೇಧಿಸುವುದಿಲ್ಲ. ಒಂದೇ ಷರತ್ತು ಹಾಕುತ್ತೇನೆ: ಯಾವ ಸಾಲನ್ನು ತೋರಿಸಿ ಕೇಳಿದರೂ ಅದು ಅಲ್ಲಿ ಏಕಿದೆ ಎಂದು ಸ್ವಂತ ಮಾತಿನಲ್ಲಿ, ಕನ್ನಡವೋ ತುಳುವೋ, ಹೇಳಬೇಕು.

6. ಪ್ರಶ್ನೆ ಕೇಳುವುದನ್ನು ಕಲಿಸಬೇಕಾಗುತ್ತದೆ

"ಆಯ್ತು ಸರ್, ನೋಡ್ತೇನೆ" ಎಂಬ ಉತ್ತರ ಬಂದರೆ ಅರ್ಥವಾಗಿದೆ ಎಂದುಕೊಳ್ಳಬೇಡಿ. ನಮ್ಮ ಕಡೆ ಅದು ಬಹುಪಾಲು ಗೌರವದ ಮಾತು. ಅರ್ಥವಾಗಲಿಲ್ಲ ಎಂದು ಹಿರಿಯರ ಎದುರು ಹೇಳಲಾಗದ ಸಂಕೋಚ ಅದರೊಳಗೆ ಇರುತ್ತದೆ. ಅರ್ಥವಾಯಿತೇ ಎಂದು ಕೇಳುವುದನ್ನು ಬಿಟ್ಟು, ಈಗ ಮೊದಲು ಯಾವ ಕಡತ ತೆರೆಯುತ್ತೀರಿ ಎಂದು ಕೇಳಿ. ಸಿಕ್ಕಿಕೊಂಡರೆ ನಲವತ್ತೈದು ನಿಮಿಷ ತಾವೇ ಪ್ರಯತ್ನಿಸಿ ಆಮೇಲೆ ಕೇಳಲೇಬೇಕು ಎಂಬ ನಿಯಮ ಮಾಡಿ. ಕೇಳಬಹುದು ಎನ್ನುವುದಕ್ಕೂ ಕೇಳಲೇಬೇಕು ಎನ್ನುವುದಕ್ಕೂ ಬಹಳ ಅಂತರವಿದೆ.

ಪ್ರಶ್ನೆಯನ್ನು ಖಾಸಗಿ ವಾಟ್ಸ್‌ಆ್ಯಪ್‌ಗೆ ಕಳುಹಿಸದೆ ಯೋಜನೆಯ ಸಾರ್ವಜನಿಕ ಜಾಗದಲ್ಲಿ ಬರೆಯಲು ಹೇಳಿ, ಆಗ ಮುಂದೆ ಬರುವವರಿಗೂ ಉತ್ತರ ಸಿಗುತ್ತದೆ. ಏನು ಮಾಡಲು ಹೊರಟೆ, ಯಾವ ಆಜ್ಞೆ ಕೊಟ್ಟೆ, ಏನು ಬಂತು ಎಂಬ ಮೂರು ಇರಲಿ; ದೋಷಸಂದೇಶದ ಫೋಟೋ ಬೇಡ, ಪಠ್ಯವನ್ನೇ ಅಂಟಿಸಲಿ. ಇಂಗ್ಲಿಷ್ ಬಾರದೆಂಬ ಹಿಂಜರಿಕೆ ಇದ್ದವರು ಕನ್ನಡದಲ್ಲೇ ಬರೆಯಲಿ. ಒಂದೇ ಪ್ರಶ್ನೆ ಎರಡನೆಯ ಸಲ ಬಂದರೆ ಅದರ ಉತ್ತರ ಕಾಂಟ್ರಿಬ್ಯೂಟಿಂಗ್ ಎಂಬ ಕೊಡುಗೆದಾರರ ಕೈಪಿಡಿಯಲ್ಲಿ ಸೇರಬೇಕು.

7. ರಿವ್ಯೂ: ಕಾಯಿಸಬೇಡಿ, ನೀವೇ ಬರೆಯಬೇಡಿ

ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಯೋಜನೆಗೆ ವಿದ್ಯಾರ್ಥಿಯೊಬ್ಬ ಒಳ್ಳೆಯ ಬದಲಾವಣೆಯನ್ನು ಕಳುಹಿಸಿದ್ದ. ಕೆಲಸದ ಒತ್ತಡದಲ್ಲಿ ಮೂರು ವಾರ ಅದನ್ನು ತೆರೆಯಲಿಲ್ಲ. ತೆರೆದು ಮೆಚ್ಚಿ ಬರೆದಾಗ ಅವನಿಂದ ಉತ್ತರ ಬರಲಿಲ್ಲ. ಆ ಕೋಡ್ ಸೇರಿತು, ಅವನು ಮತ್ತೆ ಬರಲಿಲ್ಲ. ಅಂದಿನಿಂದ ಇಟ್ಟುಕೊಂಡ ನಿಯಮ ಇದು: ಹೊಸಬರ ಮೊದಲ ಪುಲ್ ರಿಕ್ವೆಸ್ಟ್‌ಗೆ 48 ಗಂಟೆಗಳೊಳಗೆ ಮನುಷ್ಯರೊಬ್ಬರ ಉತ್ತರ ಹೋಗಬೇಕು. ಪೂರ್ತಿ ಓದಲು ಸಮಯವಿಲ್ಲದಿದ್ದರೆ, ಬಂದಿದೆ, ಶನಿವಾರ ಓದುತ್ತೇನೆ ಎಂಬ ಒಂದು ಸಾಲಾದರೂ ಸಾಕು, ಆದರೆ ಶನಿವಾರ ಓದಲೇಬೇಕು.

ಓದುವಾಗ ಮೊದಲು ದಿಕ್ಕು ಸರಿಯಿದೆಯೇ ನೋಡಿ, ಆಮೇಲೆ ವಿವರ. ದಿಕ್ಕೇ ತಪ್ಪಿದ್ದಾಗ ಖಾಲಿ ಜಾಗ, ಹೆಸರು, ಅಲ್ಪವಿರಾಮಗಳ ಬಗ್ಗೆ ಮೂವತ್ತು ಟಿಪ್ಪಣಿ ಬರೆಯುವುದು ಇಬ್ಬರ ಸಮಯವನ್ನೂ ಹಾಳು ಮಾಡುತ್ತದೆ. ಅಂಥ ಚಿಕ್ಕ ನಿಯಮಗಳನ್ನು ಸಿಐಗೆ, ಅಂದರೆ ಬದಲಾವಣೆ ಬಂದೊಡನೆ ಪರೀಕ್ಷೆಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಗೆ, ಒಪ್ಪಿಸಿಬಿಡಿ. ಖಾಲಿ ಜಾಗ ತಪ್ಪಾಗಿದೆ ಎಂದು ಯಂತ್ರ ಹೇಳಿದರೆ ಯಾರೂ ನೊಂದುಕೊಳ್ಳುವುದಿಲ್ಲ.

ಪ್ರತಿ ಟಿಪ್ಪಣಿಯಲ್ಲಿ ಇದು ಕಡ್ಡಾಯವೋ ಸಲಹೆಯೋ ಎಂದು ಬರೆಯಿರಿ. ಹೊಸಬರು ಎಲ್ಲವನ್ನೂ ಅಪ್ಪಣೆಯೆಂದೇ ಓದುತ್ತಾರೆ. ಏಕೆ ಎಂಬ ಕಾರಣವೂ ಇರಲಿ. ಈ ಹೆಸರು ಚೆನ್ನಾಗಿಲ್ಲ ಎಂದರೆ ಏನು ತಿಳಿದೀತು? ಪಟ್ಟಿ ಎಂಬ ಹೆಸರು ಈ ಕಡತದಲ್ಲಿ ಮೂರು ಕಡೆ ಇದೆ, ನಿಲ್ದಾಣಗಳ ಪಟ್ಟಿ ಎಂದಾದರೆ ಓದುವವರಿಗೆ ಗೊಂದಲವಾಗದು ಎಂದರೆ ಅವರು ಮುಂದಿನ ಸಲ ತಾವೇ ಯೋಚಿಸುತ್ತಾರೆ.

ಅತಿ ದೊಡ್ಡ ಪ್ರಲೋಭನೆಯೆಂದರೆ ನಾನೇ ಸರಿಮಾಡಿ ಸೇರಿಸಿಬಿಡುತ್ತೇನೆ ಎನ್ನುವುದು. ಬಿಡುಗಡೆಯ ಗಡುವು ಇಲ್ಲದಿದ್ದರೆ ಹಾಗೆ ಮಾಡಬೇಡಿ. ಎರಡು ದಿನ ತಡವಾದರೂ ಕೊನೆಯ ತಿದ್ದುಪಡಿ ಅವರ ಕೈಯಿಂದಲೇ ಬರಲಿ, ಕಮಿಟ್‌ನಲ್ಲಿ ಅವರ ಹೆಸರೇ ಇರಲಿ. ತಿರಸ್ಕರಿಸಬೇಕಾಗಿ ಬಂದರೆ ಕಾರಣ ಬರೆದು, ಜೊತೆಗೆ ಇನ್ನೊಂದು ಕೆಲಸವನ್ನು ತೋರಿಸಿ ತಿರಸ್ಕರಿಸಿ.

8. ಎರಡನೆಯ ಕೆಲಸ, ಆಮೇಲೆ ಜವಾಬ್ದಾರಿ

ಮೊದಲ ಬದಲಾವಣೆ ಸೇರಿದ ದಿನವೇ ಎರಡನೆಯ ಕೆಲಸ ಕೈಗೆ ಸಿಗಬೇಕು, ಮತ್ತು ಅದು ಮೊದಲಿನದರ ಬಳಿಯದ್ದಾಗಿರಬೇಕು. ಕೋಟದ ದೋಷ ಸರಿಪಡಿಸಿದವರಿಗೆ ಪಂಪ್‌ವೆಲ್ ಎಂಬ ನಿಲ್ದಾಣದ ಹೆಸರು ಕೊಡಿ. ಆ ಹೆಸರಿನಲ್ಲಿ ಪ ಮತ್ತು ವ ಒತ್ತಕ್ಷರವಾಗಿ ಕೂಡದಂತೆ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಕುಳಿತಿರುತ್ತದೆ. ಕೆಲವರು ಅದನ್ನು ಟೈಪಿಸುತ್ತಾರೆ, ಕೆಲವರು ಬಿಡುತ್ತಾರೆ. ಎನ್‌ಎಫ್‌ಸಿ ಇದನ್ನು ತೆಗೆಯುವುದಿಲ್ಲ. ಕಲಿತದ್ದು ಎಲ್ಲಿಗೆ ಸಾಲದು ಎಂಬುದನ್ನು ಹೊಸಬರು ಹೀಗೆ ತಾವೇ ಕಾಣುತ್ತಾರೆ. ಅದರ ನಂತರ, ಸಣ್ಣ ತೆರೆಯಲ್ಲಿ ಹೆಸರನ್ನು ಕತ್ತರಿಸುವಾಗ ಅಕ್ಷರ ಅರ್ಧಕ್ಕೆ ತುಂಡಾಗುವ ದೋಷವನ್ನು ಕೊಡಬಹುದು: ಮಂಗಳೂರು ಓದುವವರಿಗೆ ನಾಲ್ಕು ಅಕ್ಷರ, ಪೈಥಾನ್ ಎಣಿಸಿದರೆ ಏಳು.

ಸೆಮಿಸ್ಟರ್ ಪರೀಕ್ಷೆಯ ದಿನಗಳಲ್ಲಿ ಯಾರಿಂದಲೂ ಕೆಲಸ ನಿರೀಕ್ಷಿಸಬೇಡಿ. ಹೋಗುವ ಮುನ್ನ ಎಲ್ಲಿಗೆ ನಿಲ್ಲಿಸಿದ್ದೇನೆ ಎಂದು ಇಶ್ಯೂನಲ್ಲಿ ಎರಡು ಸಾಲು ಬರೆದು ಹೋಗುವ ಅಭ್ಯಾಸ ಮಾಡಿಸಿದರೆ ಸಾಕು. ಮರಳಿ ಬಂದಾಗ ಹಿಡಿ ಸಿಗುತ್ತದೆ.

ನಾಲ್ಕೈದು ಬದಲಾವಣೆಗಳು ಸೇರಿದ ಮೇಲೆ ಮುಂದಿನ ಹೊಸಬರ ಮೊದಲ ರಿವ್ಯೂವನ್ನು ಇವರಿಗೆ ಒಪ್ಪಿಸಿ, ನೀವು ಪಕ್ಕದಲ್ಲಿ ಇದ್ದು ನೋಡಿ. ರೀಡ್‌ಮಿಯಲ್ಲಿ ತಾವು ಎಲ್ಲಿ ಎಡವಿದ್ದೆವು ಎಂಬ ನೆನಪು ಅವರಲ್ಲಿ ಇನ್ನೂ ಹಸಿಯಾಗಿರುವುದರಿಂದ ಈ ಕೆಲಸವನ್ನು ಅವರು ನಿಮಗಿಂತ ಚೆನ್ನಾಗಿಯೇ ಮಾಡುತ್ತಾರೆ. ದೊಡ್ಡ ಯೋಜನೆಗಳಿಗೆ ಹೋಗಲು ಬಯಸುವವರಿಗೆ 2005ರಲ್ಲಿ ಆರಂಭವಾದ ಗೂಗಲ್ ಸಮ್ಮರ್ ಆಫ್ ಕೋಡ್‌ನ, ಅಂದರೆ ಹೊಸಬರಿಗೆ ಭತ್ಯೆ ಕೊಟ್ಟು ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಕೆಲಸ ಮಾಡಿಸುವ ಕಾರ್ಯಕ್ರಮದ, ದಾರಿಯನ್ನೂ ತಿಳಿಸಿ; 2022ರಿಂದ ಅದು ವಿದ್ಯಾರ್ಥಿಗಳಲ್ಲದ ಆರಂಭಿಕರಿಗೂ ತೆರೆದಿದೆ. ಅರ್ಜಿಯ ತಿಂಗಳಿನಲ್ಲಿ ಓಡುವ ಬದಲು ಕೆಲವು ತಿಂಗಳ ಮೊದಲೇ ಆ ಯೋಜನೆಯ ಕೆಲಸಕ್ಕೆ ಕೈಹಾಕಲು ಹೇಳಿ.

ಮರ್ಜ್ ಮಾಡುವ ಅಧಿಕಾರ ಕೊಡುವಾಗ ಮೇನ್ ಬ್ರಾಂಚಿಗೆ ರಕ್ಷಣೆಯ ನಿಯಮ ಹಾಕಿಡಿ: ಇನ್ನೊಬ್ಬರ ರಿವ್ಯೂ ಆಗದೆ, ಪರೀಕ್ಷೆಗಳು ಗೆಲ್ಲದೆ ಯಾರ ಬದಲಾವಣೆಯೂ ಸೇರದಂತೆ. ಈ ನಿಯಮ ನಿಮಗೂ ಅನ್ವಯವಾಗಲಿ, ಮತ್ತು ನಿಮ್ಮ ಮುಂದಿನ ಪುಲ್ ರಿಕ್ವೆಸ್ಟನ್ನು ರಿವ್ಯೂ ಮಾಡಲು ಅವರ ಹೆಸರನ್ನೇ ಸೂಚಿಸಿ.